ಇಪ್ಪತ್ತೆರಡು ಗಜದ ಕೊಡೆ

ನಮ್ಮೂರಿನ ಮೆಟ್ಟಿಲುಗಳು ಹತ್ತುವುದಕ್ಕೆ ಮಾತ್ರ. ಎರಡು ಸಾವಿರದ ನೂರು ಮೆಟ್ಟಿಲು, ಎಣಿಸಿಯೇ ಹೇಳುತ್ತಿದ್ದೇನೆ. ಕೆಳಪೇಟೆಯಿಂದ ಹತ್ತಿ ಬನ್ನಿ, ನಾಲಿಗೆ ಹೊರಗೆ ಹಾಕಿಕೊಂಡಾದರೂ ಬಂದು ತಲುಪುತ್ತೀರಿ. ಮೇಲಿನಿಂದ ಇಳಿಯಲು ಹೊರಟರೆ ಹನ್ನೊಂದನೇ ಮೆಟ್ಟಿಲಿಗೆ ಕಾಲಿಡುವಷ್ಟರಲ್ಲಿ ಮತ್ತೆ ಊರ ಅಗಸೆ ಬಾಗಿಲಿನ ಎದುರಿಗೇ ನಿಂತಿರುತ್ತೀರಿ, ಎಡಗಾಲಿನ ಚಪ್ಪಲಿಯ ಧೂಳು ಕೂಡ ಉದುರಿರುವುದಿಲ್ಲ. ಹಗ್ಗಕ್ಕೆ ಬುಟ್ಟಿ ಕಟ್ಟಿ ಇಳಿಸಿದರೂ ಅದೇ ಕಥೆ. ಉಳ್ಳಾಗಡ್ಡಿ ಇಳಿಯುತ್ತದೆ, ಮನುಷ್ಯ ಇಳಿಯುವುದಿಲ್ಲ. ಯಾಕೆ ಎಂದು ನನ್ನನ್ನು ಕೇಳಬೇಡಿ. ನನ್ನ ಅಜ್ಜಿಯನ್ನು ನಾನು ಕೇಳಿದ್ದೆ, ತಲೆಗೆ ಮೊಟಕಿದ್ದಳು.

ಹಾಗಾಗಿ ನಮ್ಮೂರವರು ಕೊಡೆಯಲ್ಲಿ ಇಳಿಯುತ್ತಾರೆ. ಕೊಡೆ ಎಂದರೆ ಮಳೆಗೆ ಹಿಡಿಯುವುದಲ್ಲ. ಬೆನ್ನಿಗೆ ಚೀಲ, ಚೀಲದೊಳಗೆ ಮಡಿಸಿದ ನುಣುಪಾದ ಬಟ್ಟೆ, ಬಟ್ಟೆಯಿಂದ ಹೆಗಲಿಗೆ ಹುರಿಗಳು. ಊರಿನ ತುದಿಯಲ್ಲಿ ಹಾರುಕಟ್ಟೆ ಇದೆ. ಚೀಲದ ಹಗ್ಗವನ್ನು ಕಟ್ಟೆಯ ಬಳೆಗೆ ಸಿಕ್ಕಿಸಿ ಹಾರಿದರೆ ಹಗ್ಗ ಎಳೆದು ಕೊಡೆ ಬಿಚ್ಚಿಕೊಳ್ಳುತ್ತದೆ. ಆಮೇಲೆ ಎಡಕ್ಕೊಂದು, ಬಲಕ್ಕೊಂದು ಕೈಹಿಡಿ. ಎಡದ್ದು ಎಳೆದರೆ ಎಡಕ್ಕೆ ತಿರುಗುತ್ತದೆ, ಬಲದ್ದು ಎಳೆದರೆ ಬಲಕ್ಕೆ. ನೆಲ ಹತ್ತಿರ ಬಂದಾಗ ಎರಡನ್ನೂ ಒಟ್ಟಿಗೆ ಎಳೆದರೆ ಕಾಲು ಊರಬಹುದು. ಮದುವೆ ದಿಬ್ಬಣಗಳು ಹೀಗೇ ಇಳಿಯುತ್ತವೆ, ಮೊದಲು ಬೀಗರು, ಹಿಂದೆ ಶಹನಾಯಿಯವರು. ಹೆಂಗಸರು ಕಚ್ಚೆ ಹಾಕಿ ಸೀರೆ ಉಟ್ಟಿರುತ್ತಾರೆ. ಹುಡುಗಿ ನೋಡಲು ಬಂದವರು ಹಾಡು ಬರುತ್ತದೆಯೇ ಎಂದು ಕೇಳುವುದಿಲ್ಲ, ಎಷ್ಟು ಗಜದ ಕೊಡೆ ಎಂದು ಕೇಳುತ್ತಾರೆ. ಗಜ ಕಡಿಮೆಯಾದಷ್ಟೂ ಮರ್ಯಾದೆ ಹೆಚ್ಚು. ಇದೇ ನಮ್ಮೂರಿಗೆ ಹಿಡಿದ ರೋಗ, ಇದರ ಜೊತೆ ಗುದ್ದಾಡುತ್ತಲೇ ನನ್ನ ನಲವತ್ತು ವರ್ಷ ಕಳೆಯಿತು.

ನಾನು ನಿಂಬವ್ವ. ಊರಿಗೆಲ್ಲ ಕೊಡೆ ಅಳೆದು ಕೊಡುವವಳು, ಮಡಿಸಿ ಕೊಡುವವಳು. ನನ್ನ ಅಂಗಡಿಗೆ ಬಂದವರನ್ನು ಮೊದಲು ತಕ್ಕಡಿ ಹತ್ತಿಸುತ್ತೇನೆ. ಚಪ್ಪಲಿ, ಬುತ್ತಿ, ಚೀಲ, ಮೈಮೇಲಿನ ಬಂಗಾರ, ಏನೇನು ಹೊತ್ತು ಹಾರುತ್ತೀರೋ ಎಲ್ಲ ಸಮೇತ. ಗಂಡಸರು ಚೀಲವನ್ನು ಕೆಳಗಿಟ್ಟು ತಕ್ಕಡಿ ಹತ್ತುತ್ತಾರೆ, ಕೊಡೆಗೆ ಚೀಲದ ಭಾರ ಗೊತ್ತಾಗುವುದಿಲ್ಲವೇನೋ ಎನ್ನುವಂತೆ. ಮೂರು ಕೆ.ಜಿ.ಗೆ ಒಂದು ಗಜ, ಹೊಸಬರಿಗೆ ಅದಕ್ಕಿಂತ ಧಾರಾಳ. ಆಮೇಲೆ ತೊಡೆಪಟ್ಟಿ, ಎದೆಪಟ್ಟಿ. ಅಣ್ಣನ ಪಟ್ಟಿ ತಮ್ಮನಿಗೆ, ಅತ್ತೆಯದು ಸೊಸೆಗೆ ಎಂದು ತರುತ್ತಾರೆ. ಮುಂದೆ ದಪ್ಪ ಆಗುತ್ತಾಳೆ, ಸ್ವಲ್ಪ ಸಡಿಲ ಇರಲಿ ಎನ್ನುತ್ತಾರೆ. ದಪ್ಪ ಆಗುವುದಕ್ಕೆ ಅವಳು ಬದುಕಿರಬೇಕಲ್ಲ ಎನ್ನುತ್ತೇನೆ ನಾನು. ಚೀಲದ ಮೇಲ್ಭಾಗದಲ್ಲಿ ಆಪತ್ತಿನ ಕೊಡೆ ಬೇರೆ. ಅದನ್ನೂ ನಾನೇ ಆರು ತಿಂಗಳಿಗೊಮ್ಮೆ ಬಿಚ್ಚಿ, ಗಾಳಿಗಿಟ್ಟು, ಮತ್ತೆ ಮಡಿಸುತ್ತೇನೆ.

ಸಣ್ಣ ಕೊಡೆ ಬೇಕೆಂದು ಬರುವವರದೇ ನಿಜವಾದ ತಲೆನೋವು. ಇಪ್ಪತ್ತೈದು ಗಜದಿಂದ ಇಪ್ಪತ್ತೆರಡು, ಅಲ್ಲಿಂದ ಇಪ್ಪತ್ತು, ಹದಿನೆಂಟು, ಹದಿನಾರು, ಹೀಗೆ ಒಂದೊಂದೇ ಅಳತೆ ಇಳಿಯಬೇಕು. ಒಂದು ಅಳತೆಯಲ್ಲಿ ನೂರು ಸಲ ಇಳಿದಿರಬೇಕು. ಕೊನೆಯ ಹತ್ತು ಸಲ ಕೆಳಗೆ ಹಾಸಿದ ಜಮಖಾನೆಯ ಮೇಲೆಯೇ ಕಾಲು ಊರಬೇಕು, ಅಂಚು ದಾಟಿದರೆ ಮತ್ತೆ ಒಂದರಿಂದ ಎಣಿಕೆ. ಒಂದೇ ಸಲಕ್ಕೆ ಎರಡು ಬದಲಾವಣೆ ಕೂಡದು. ಹೊಸ ಕೊಡೆಯಾದರೆ ಹಳೆಯ ಗಾಳಿ, ಹೊಸ ಗಾಳಿಯಾದರೆ ಹಳೆಯ ಕೊಡೆ. ತಿಂಗಳುಗಟ್ಟಲೆ ಹಾರದೆ ಕುಳಿತವರು ಒಂದು ಅಳತೆ ಹಿಂದಕ್ಕೆ ಹೋಗಿ ದೊಡ್ಡದನ್ನೇ ತೆಗೆದುಕೊಳ್ಳಬೇಕು, ಎಷ್ಟೇ ಮೂತಿ ತಿರುವಲಿ. ಸಣ್ಣ ಕೊಡೆ ಬೇಗ ಇಳಿಯುತ್ತದೆ ಎಂಬುದು ಸುಳ್ಳಲ್ಲ. ಬೇಗ ತಿರುಗುತ್ತದೆ ಕೂಡ. ದೊಡ್ಡದರಲ್ಲಿ ಮೊಳ ಎಳೆದರೆ ಆಗುವುದು ಸಣ್ಣದರಲ್ಲಿ ಗೇಣು ಎಳೆದರೆ ಆಗುತ್ತದೆ, ಕೈಗೆ ಮಾತ್ರ ಹಳೆಯ ಮೊಳವೇ ನೆನಪಿರುತ್ತದೆ. ಮನುಷ್ಯ ಸಾಯುವುದು ಅಲ್ಲಿ. ಹನ್ನೆರಡು ಜನರ ಮೂಳೆ ನೋಡಿ ಕಲಿತ ಮಾತು ಇದು, ಪುಸ್ತಕದ್ದಲ್ಲ.

ಇಷ್ಟೆಲ್ಲ ಹೇಳುವ ನಾನೇ ಆ ಆಷಾಢದಲ್ಲಿ ಏನು ಮಾಡಿದೆ ಎಂಬುದನ್ನು ಈಗ ಹೇಳುತ್ತೇನೆ.

ಆಷಾಢದಲ್ಲಿ ನಮ್ಮೂರಿಗೆ ಬಯಲ ಕಡೆಯಿಂದ ಗಾಳಿ. ಅದು ನೇರ ಬಂದು ನಮ್ಮ ಬಂಡೆಗೆ ಬಡಿಯುತ್ತದೆ. ಹಾರಿದವರ ಕೊಡೆ ಗಾಳಿಯನ್ನು ಸೀಳಿಕೊಂಡು ಮುಂದೆ ಹೋದರೆ ಸರಿ, ಹೋಗಲಾರದಿದ್ದರೆ ಗಾಳಿ ಹಿಂದಕ್ಕೆ ತಳ್ಳಿ ಬಂಡೆಗೆ ಒರೆಸುತ್ತದೆ. ದೊಡ್ಡ ಕೊಡೆಯವರೆಲ್ಲ ಆ ಮೂರು ವಾರ ಇದ್ದಲ್ಲೇ ಇರುತ್ತಾರೆ, ಮೇಲಿದ್ದವರು ಮೇಲೆ, ಕೆಳಗಿದ್ದವರು ಕೆಳಗೆ. ಕೆಳಗಿನವರು ಬೇಕಾದರೆ ಹತ್ತಿ ಬರಬಹುದು, ಬಂದರೆ ಇಲ್ಲೇ ಸಿಕ್ಕಿಬೀಳಬೇಕು. ಆ ವಾರಗಳಲ್ಲಿ ಊರಿಗೆ ಊರೇ ಚಡಪಡಿಸುತ್ತದೆ. ಜನ ಸುಮ್ಮನೆ ಹಾರುಕಟ್ಟೆಯವರೆಗೆ ಹೋಗಿ ಬರುತ್ತಾರೆ. ಬಾಗಿಲು ಹಾಕುತ್ತಾರೆ, ತೆರೆಯುತ್ತಾರೆ. ಗಂಡ ಹೆಂಡತಿ ಉಪ್ಪಿಗೊಂದು, ಖಾರಕ್ಕೊಂದು ಜಗಳ. ನನ್ನ ಅಂಗಡಿಯ ತಕ್ಕಡಿಯ ಸರಪಳಿ ಹಗಲೆಲ್ಲ ಕಿಣಿಕಿಣಿ ಎನ್ನುತ್ತದೆ, ಅದಕ್ಕೆ ಚಿಂದಿ ಸುತ್ತಿಡುತ್ತೇನೆ.

ನನ್ನ ಮೊಮ್ಮಗಳು ಹೊನ್ನಿಯನ್ನು ಕೆಳಪೇಟೆಗೆ ಕೊಟ್ಟಿದ್ದೇವೆ. ಚೊಚ್ಚಲು. ದಿನ ತುಂಬುವುದು ಶ್ರಾವಣದಲ್ಲಿ ಎಂದು ಸಾವಂತ್ರಿ ಲೆಕ್ಕ ಹಾಕಿದ್ದಳು. ಸಾವಂತ್ರಿ ಎಂದರೆ ಎರಡೂ ಊರಿಗೆ ಒಬ್ಬಳೇ ಸೂಲಗಿತ್ತಿ. ಮನೆ ಇಲ್ಲಿ ಮೇಲೆ, ನನ್ನ ಹಿತ್ತಲಿನ ಗೋಡೆಯ ಆಚೆ. ಮೂವತ್ತಾರರ ಹೆಂಗಸು, ಮಾತು ಕಡಿಮೆ, ಕೈ ಮಾತ್ರ ಬೆಣ್ಣೆಯಿಂದ ಕೂದಲು ತೆಗೆಯುವಂಥದ್ದು. ಸೋಮವಾರಗಳಂದು ಶಾಲೆಯ ಮಕ್ಕಳನ್ನು ಜೋಡುಪಟ್ಟಿಯಲ್ಲಿ ಎದೆಗೆ ಕಟ್ಟಿಕೊಂಡು ಕೆಳಗೆ ಇಳಿಸುವ ಕೆಲಸವೂ ಅವಳದೇ. ಕೊಡೆಯ ವಿಷಯದಲ್ಲಿ ಅವಳಿಗೆ ಆಸೆ ಇರಲಿಲ್ಲ. ಇಪ್ಪತ್ತೈದು ಗಜದಲ್ಲಿ ನೂರಾಮೂರು ಸಲ ಇಳಿದ ಮೇಲೆ ನಾನೇ ಒತ್ತಾಯ ಮಾಡಿ ಇಪ್ಪತ್ತೆರಡಕ್ಕೆ ತಂದಿದ್ದೆ. ಅದರಲ್ಲಿ ಎಂಬತ್ತು ಸಲ ಆಗಿತ್ತು.

ಗಾಳಿ ಎದ್ದ ಐದನೇ ದಿನ, ಬೆಳಗಿನ ರೊಟ್ಟಿಯ ಹೊತ್ತಿಗೆ ಹೊನ್ನಿಯ ಗಂಡ ಫಕೀರೇಶ ನನ್ನ ಅಂಗಡಿಯ ಹೊಸ್ತಿಲಲ್ಲಿ ಕುಸಿದು ಕುಳಿತ. ಎರಡು ಸಾವಿರದ ನೂರು ಮೆಟ್ಟಿಲನ್ನು ಓಡಿಯೇ ಹತ್ತಿದ್ದ. ನೀರು ಕುಡಿಸಿದ ಮೇಲೆ ಮಾತು ಬಂತು.

“ಆಯೀ, ನಸುಕಿನಾಗ ಬ್ಯಾನಿ ಸುರು ಆತು. ಕೂಸು ಅಡ್ಡ ಮಲಗೇತಂತ. ನಮ್ಮವ್ವ ಕೈಯಿಟ್ಟು ನೋಡಿ ಹೇಳಿದ್ಲು. ಸಾವಂತ್ರಕ್ಕನ್ನ ಕರಕೊಂಡು ಬಾ ಅಂದ್ಲು.”

“ನಿನ್ನ ಹಿಂದ ಇಳಿಯಾಕ ಅಕಿಗೇನು ರೆಕ್ಕಿ ಅದಾವೇನೋ?” ಎಂದೆ. ಬೈದದ್ದು ಅವನಿಗಲ್ಲ. ಗಾಳಿಗೆ.

ಸಾವಂತ್ರಿ ಗೋಡೆಯಾಚೆಯಿಂದ ಎಲ್ಲ ಕೇಳಿಸಿಕೊಂಡಿದ್ದಳು. ಕೈ ಒರೆಸಿಕೊಳ್ಳುತ್ತ ಬಂದಳು, ಮಾತಾಡದೆ ಹಾರುಕಟ್ಟೆಯ ಕಡೆ ಹೋದಳು. ನಾನೂ ಫಕೀರೇಶನೂ ಹಿಂದೆ. ಕಟ್ಟೆಯ ಕಾವಲುಗಾರ ದ್ಯಾಮಣ್ಣ ಕೋಲಿನ ತುದಿಗೆ ಕಟ್ಟಿದ ಕೆಂಪು ಪಟ್ಟಿಯನ್ನು ತೋರಿಸಿದ. ಅದು ಕೋಲಿಗೆ ನೆಟ್ಟಗೆ ಅಡ್ಡ ನಿಂತು ಪಟಪಟ ಹೊಡೆದುಕೊಳ್ಳುತ್ತಿತ್ತು.

“ಇಪ್ಪತ್ತೆರಡು ಹೋಗೂದಿಲ್ಲ ಬೇ,” ಎಂದ ದ್ಯಾಮಣ್ಣ. “ಹದಿನೆಂಟಾದ್ರ ಹೋದೀತು.”

ಸಾವಂತ್ರಿ ಬಯಲು ನೋಡುತ್ತಲೇ ಇದ್ದಳು. “ಮಧ್ಯಾಹ್ನಕ್ಕ ಒಂದೀಟು ಇಳಿತೈತಿ ಗಾಳಿ. ಅವಾಗ ನೋಡೂಣು. ಹೊಟ್ಟಿ ಮ್ಯಾಗ ಬಿಸಿನೀರಿನ ಅರಿವಿ ಇಡಾಕ ಹೇಳಿ ಬಂದೀಯಿಲ್ಲ, ಫಕೀರೇಶ?”

“ನಮ್ಮವ್ವ ಇಟ್ಟಾಳ್ರಿ.”

ಮನೆಗೆ ಹಿಂದಿರುಗುವ ದಾರಿಯಲ್ಲಿ ನಾನು ಬಾಯಿ ಬಿಟ್ಟೆ. “ಸಾವಂತ್ರೀ, ನನ್ನ ಹತ್ರ ಹದಿನೆಂಟು ಗಜದ್ದು ಐತಿ. ಛಲೋ ಕೊಡಿ. ಹುರಿ ಎಲ್ಲ ಹೋದ ವರ್ಷ ಬದಲಿ ಮಾಡೀನಿ.”

ಅವಳು ನಿಂತಳು. ನನ್ನ ಮುಖವನ್ನು ಹೊಸಬಳ ಮುಖ ನೋಡಿದ ಹಾಗೆ ನೋಡಿದಳು.

“ಇಪ್ಪತ್ತು ಬಿಟ್ಟು ಹದಿನೆಂಟಕ್ಕ? ಅದೂ ಈ ಗಾಳ್ಯಾಗ? ಯಾರು ಹೇಳಾಕತ್ತಾರ ಇದನ್ನ, ನಿಂಬಕ್ಕನೋ ಮತ್ಯಾರೋ?”

“ನನ್ನ ಹೊನ್ನಿ ಸಾಯಾಕತ್ತಾಳ.”

“ನಾ ಬಂಡಿಗಲ್ಲಿಗೆ ಬಡದು ಸತ್ರ ಹೊನ್ನಿ ಬದುಕ್ತಾಳೇನು? ಹೆರಿಗಿ ಮಾಡ್ಸೂದು ಕೊಡಿ ಅಲ್ಲ ಯಕ್ಕಾ, ಈ ಕೈ.” ಎರಡೂ ಕೈ ನನ್ನ ಮೂಗಿನ ಮುಂದೆ ಹಿಡಿದಳು. “ಇವು ನೆಟ್ಟಗ ಕೆಳಗ ಮುಟ್ಟಬೇಕು.”

ಸರಿಯಾಗೇ ಹೇಳಿದಳು. ನನ್ನದೇ ಪಾಠ, ನನಗೇ ಒಪ್ಪಿಸಿದಳು. ಆಷಾಢದಲ್ಲಿ ಯಾವ ಚೀಲವೂ ನನ್ನ ಕೈಯಲ್ಲಿ ಮತ್ತೆ ಬಿಚ್ಚಿ ಮಡಿಸದೆ ಕಟ್ಟೆ ಹತ್ತುವಂತಿಲ್ಲ. ಅದಕ್ಕೇ ತನ್ನ ಚೀಲವನ್ನು ನನ್ನ ಅಂಗಡಿಯಲ್ಲಿ ಇಳಿಸಿ, “ಮಡಿಚಿಡು, ನಾ ಗಂಟು ಕಟಗೊಂಡು ಬರ್ತೀನಿ” ಎಂದು ಹೋದಳು.

ಕೊಡೆ ಬಿಚ್ಚಿದೆ. ಹುರಿಗಳನ್ನು ಬೆರಳಿನಿಂದ ಸವರಿದೆ. ಹುರಿ ಸರಿ, ಬಟ್ಟೆ ಸರಿ, ಕೈಹಿಡಿ ಸರಿ. ಮಡಿಸಲು ಕುಳಿತರೆ ಕೈ ಓಡಲಿಲ್ಲ. ಎದ್ದೆ, ಕುಳಿತೆ. ಹೊರಗೆ ಹೋಗಿ ಗಾಳಿ ನೋಡಿದೆ. ಫಕೀರೇಶ ಹೊಸ್ತಿಲಲ್ಲಿ ಕುಳಿತು ಹೆಬ್ಬೆರಳಿನ ಉಗುರು ಕಡಿಯುತ್ತಿದ್ದ. ಅವನ ದವಡೆ ಆಡುವುದನ್ನು ನೋಡಲಾರದೆ ಅವನನ್ನು ಸಾವಂತ್ರಿಯ ಮನೆಗೆ ಅಟ್ಟಿದೆ. ಮತ್ತೆ ಬಂದು ಕುಳಿತೆ. ಮಧ್ಯಾಹ್ನ ಗಾಳಿ ಇಳಿಯುತ್ತದೆ, ಒಂದೀಟು ಇಳಿಯುತ್ತದೆ. ಆ ಒಂದೀಟಿಗೆ ಇಪ್ಪತ್ತೆರಡು ಹೋಗಲಾರದು. ಅವಳು ಕಟ್ಟೆಯ ಮೇಲೆ ನಿಂತು ನೋಡುತ್ತಾಳೆ, ಒಂದೋ ಇಲ್ಲ ಎಂದು ಹಿಂದಿರುಗುತ್ತಾಳೆ, ಇಲ್ಲವೇ ಧೈರ್ಯ ಮಾಡಿ ಹಾರಿ ಬಂಡೆಗೆ ಬಡಿಯುತ್ತಾಳೆ. ಕೆಳಗೆ ಹೊನ್ನಿ. ಹದಿನೆಂಟು ಕಪಾಟಿನಲ್ಲಿ. ಬಣ್ಣ ಎರಡಕ್ಕೂ ಒಂದೇ, ಹಳದಿ. ನಾನೇ ಒಂದೇ ತಾನಿನಿಂದ ಕತ್ತರಿಸಿದ್ದು.

ಹೇಗೆ ಮಾಡಿದೆ ಎಂದು ಕೇಳಿದರೆ ಹೇಳಲು ಬರುವುದಿಲ್ಲ. ಕೈ ಮಾಡಿತು. ಇಪ್ಪತ್ತೆರಡನ್ನು ತೆಗೆದು ಕಪಾಟಿಗೆ ತುರುಕಿದೆ. ಹದಿನೆಂಟನ್ನು ಮಡಿಸಿ ಚೀಲದೊಳಗೆ ಸೇರಿಸಿದೆ. ಚೀಲ ಜೋಲದ ಹಾಗೆ ತಳಕ್ಕೆ ಒಂದು ಹಳೆಯ ಧೋತರ ಮಡಿಸಿ ಹಾಕಿದೆ. ಗಾಳಿ ಒಂದೀಟು ಇಳಿದರೆ ತನ್ನದೇ ಕೊಡೆ ಎಂದು ಧೈರ್ಯ ಮಾಡಿ ಹಾರುತ್ತಾಳೆ, ಹದಿನೆಂಟು ಅವಳನ್ನು ಗಾಳಿ ಸೀಳಿ ಒಯ್ಯುತ್ತದೆ, ಇಳಿದ ಮೇಲೆ ಬೈದರೆ ಬೈಯಲಿ. ಹೀಗೆ ಯೋಚಿಸಿದೆ. ಗೊತ್ತಿಲ್ಲದೆ ಮೊಳ ಎಳೆಯುವ ಅವಳ ಕೈಯನ್ನು ಮಾತ್ರ ಯೋಚಿಸಲಿಲ್ಲ. ಯೋಚಿಸಲಿಲ್ಲ ಎಂದರೆ ಸುಳ್ಳಾಗುತ್ತದೆ. ಯೋಚಿಸಿದೆ, ಪಕ್ಕಕ್ಕೆ ಸರಿಸಿದೆ.

ಮಧ್ಯಾಹ್ನ ಸಾವಂತ್ರಿ ಬಂದಳು, ನಡುವಿಗೆ ತನ್ನ ಔಷಧದ ಗಂಟು. ಚೀಲ ಏರಿಸಿಕೊಂಡಳು, ತೊಡೆಪಟ್ಟಿ ಬಿಗಿದಳು, ಎದೆಪಟ್ಟಿಯನ್ನು ನಾನೇ ಬಿಗಿದೆ. ಕಟ್ಟೆಗೆ ನಾಲ್ಕುನೂರು ಹೆಜ್ಜೆ. ನಾನು ಅವಳ ಹಿಂದೆಯೇ ನಡೆದೆ, ನನ್ನ ಹಿಂದೆ ಫಕೀರೇಶ. ಮೊದಲ ನೂರು ಹೆಜ್ಜೆ ಸರಿಯಾಗೇ ಮಾಡಿದೆ ಎಂದುಕೊಂಡೆ. ಆಮೇಲಿನ ನೂರು ಹೆಜ್ಜೆ ಅವಳ ಹಿಮ್ಮಡಿಯ ಬಿರುಕುಗಳನ್ನು ನೋಡಿದೆ. ಆಮೇಲೆ ಕೂಗಬೇಕು ಅನ್ನಿಸಿತು, ಕಾಲು ಮಾತ್ರ ನಡೆಯುತ್ತಲೇ ಇತ್ತು.

ದ್ಯಾಮಣ್ಣನ ಕೋಲಿನ ಪಟ್ಟಿ ಈಗ ಸ್ವಲ್ಪ ಜೋತಿತ್ತು. ಸ್ವಲ್ಪವೇ. “ಮುಂದ ಹೋಗೂದು, ಹಿಂದ ಬರೂದು ಸಮ ಸಮ ಐತಿ ನೋಡವ್ವ. ನಿನ್ನ ಜೀವ, ನಿನ್ನ ಮಾತು,” ಎಂದ.

“ಹೋಗ್ತೀನಿ,” ಎಂದಳು ಸಾವಂತ್ರಿ.

ಕಟ್ಟೆಯ ಮೇಲೆ ಒಂದು ಪದ್ಧತಿ ಇದೆ. ಹಗ್ಗ ಸಿಕ್ಕಿಸುವ ಮೊದಲು ಕಾವಲುಗಾರ ಕೇಳುತ್ತಾನೆ, ಹಾರುವವರು ಹೇಳುತ್ತಾರೆ. ಮಡಿಸಿದವರು ಅಲ್ಲೇ ಇದ್ದರೆ ಅವರೂ ಬಾಯಿಬಿಟ್ಟು ಒಪ್ಪಬೇಕು. ದಿನಕ್ಕೆ ಇಪ್ಪತ್ತು ಸಲ ನಡೆಯುವ ಮಾತು, ದೇವರಿಗೆ ಗಂಟೆ ಹೊಡೆದಷ್ಟು ಸಲೀಸು.

“ಯಾರ ಮಡಿಕಿ?” ಎಂದ ದ್ಯಾಮಣ್ಣ.

“ನಿಂಬಕ್ಕಂದು.”

“ಎಷ್ಟು ಗಜ?”

“ಇಪ್ಪತ್ತೆರಡು.”

“ನಿಂಬಕ್ಕಾ, ಹೌದಲ್ಲ?”

ಹೌದು ಎನ್ನುವುದಕ್ಕೆ ಎಷ್ಟು ಉಸಿರು ಬೇಕು? ನಲವತ್ತು ವರ್ಷದಲ್ಲಿ ಎಷ್ಟು ಸಾವಿರ ಸಲ ಅಂದಿರಬೇಕು ನಾನು, ಎಲೆ ಅಡಿಕೆ ಜಗಿಯುತ್ತಲೇ ಅಂದಿದ್ದೇನೆ, ಆಕಳಿಸುತ್ತಲೂ ಅಂದಿದ್ದೇನೆ. ಬಾಯಿ ತೆರೆದೆ. ಗಾಳಿ ಒಳಗೆ ಹೋಯಿತು, ಮಾತು ಹೊರಗೆ ಬರಲಿಲ್ಲ.

“ನಿಂಬಕ್ಕಾ?”

“ಅಲ್ಲ,” ಎಂದೆ. “ಹದಿನೆಂಟು. ನಾನ ಬದಲಿ ಮಾಡೀನಿ.”

ಫಕೀರೇಶ ನನ್ನ ಕಡೆ ತಿರುಗಿದ. ದ್ಯಾಮಣ್ಣ ಹಗ್ಗದ ಕೊಕ್ಕೆಯನ್ನು ಕೈಬಿಟ್ಟ, ಅದು ಕಲ್ಲಿನ ಮೇಲೆ ಟಣ್ಣೆಂದು ಬಿತ್ತು. ಸಾವಂತ್ರಿ ಎದೆಪಟ್ಟಿ ಬಿಚ್ಚಿದಳು, ತೊಡೆಪಟ್ಟಿ ಬಿಚ್ಚಿದಳು, ಚೀಲವನ್ನು ನನ್ನ ಕಾಲ ಬಳಿ ಇಟ್ಟಳು. ಎಸೆದಿದ್ದರೆ ನನಗೆ ಸಮಾಧಾನವಾಗುತ್ತಿತ್ತು.

“ಇದನ್ನ ಹೊತ್ತು ಹಾರಿದ್ರ ನಾ ಎಷ್ಟೊತ್ತು ಬದುಕ್ತಿದ್ದೆ, ಯಕ್ಕಾ?” ಎಂದಳು ಕೊನೆಗೆ. “ಅಳತಿ ನೀನೇ ಬಲ್ಲಿ. ಹೇಳು.”

“ಬಂಡಿಗಲ್ಲಿಗೆ ಬಡದ ಗಾಳಿಗೆ ಕೊಡಿ ಓಲಾಡೂತನಕ,” ಎಂದೆ. “ಓಲಾಡಿದ ಕೂಡಲೇ ನೀ ಎಳಿತಿದ್ದಿ. ಅದು ಗಿರ್ರಂತ ತಿರುಗಿ ಮಾರಿ ಬಂಡಿ ಕಡೆ ಮಾಡ್ತಿತ್ತು.” ಕೇಳಿದ್ದಕ್ಕೆ ಉತ್ತರ ಕೊಟ್ಟೆ. ಸುಳ್ಳು ಹೇಳುವ ಶಕ್ತಿ ಮುಗಿದಿತ್ತು.

ಕೆಳಗೆ, ದೂರದಲ್ಲಿ, ಹೊನ್ನಿಯ ಮನೆಯ ಕೆಂಪು ಹಂಚು ಕಾಣುತ್ತಿತ್ತು. ಫಕೀರೇಶ ಅದನ್ನೇ ನೋಡುತ್ತ ಅಳತೊಡಗಿದ, ಹೆಂಗಸರ ಮುಂದೆ ಅಳುತ್ತಿದ್ದೇನೆ ಎಂಬ ಎಗ್ಗೂ ಇಲ್ಲದೆ. ಸಾವಂತ್ರಿ ಕಟ್ಟೆಯ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕುಳಿತಳು. ಎದ್ದಳು. ಮತ್ತೆ ಕುಳಿತಳು. ಆಮೇಲೆ ನನ್ನನ್ನು ನೋಡಿದಳು, ತಲೆಯಿಂದ ಕಾಲಿನವರೆಗೆ. ಗಿರಾಕಿಗಳನ್ನು ನಾನು ನೋಡುವ ನೋಟ ಅದು.

“ಎಷ್ಟದೀ ನೀ?”

“ಏನು?”

“ಭಾರ. ಎಷ್ಟು ಕೆ.ಜಿ.?”

“ಮೂವತ್ತೆಂಟು. ಸೀರಿ ಸೇರಿ.”

“ಹೋದ ತಿಂಗಳು ಸಾಲ್ಯಾಗ ಏಳನೇತ್ತೆ ಓದೂ ಹುಡುಗಿ ಒಬ್ಬಾಕಿನ ಇಳಿಸೀನಿ, ಮೂವತ್ತಾರು ಇದ್ಲು. ಕೂಸು ಕಟಗೊಂಡ್ರ ಕೊಡಿ ಹೋರಿ ಹೋದಂಗ ಹೋಗ್ತೈತಿ.” ನಿಧಾನವಾಗಿ, ತನಗೆ ತಾನೇ ಲೆಕ್ಕ ಒಪ್ಪಿಸುತ್ತಿರುವ ಹಾಗೆ ಮಾತಾಡಿದಳು. “ನನ್ನ ಕೊಡಿ ನನಗ ಗೊತ್ತು. ಭಾರದ್ದೂ ಗೊತ್ತು. ಗಾಳಿ ಒಂದ ಹೊಸಾದು.”

ನಾನು ಹಣೆ ಚಚ್ಚಿಕೊಂಡೆ. ನಲವತ್ತು ವರ್ಷ ಬಟ್ಟೆ ಕತ್ತರಿಸಿದವಳಿಗೆ ಬಟ್ಟೆ ಸಣ್ಣದು ಮಾಡುವುದೊಂದೇ ಹೊಳೆದಿತ್ತು. ಅದೇ ಬಟ್ಟೆಯ ಕೆಳಗೆ ಭಾರ ಹೆಚ್ಚಿಸಿದರೂ ಕೊಡೆ ವೇಗ ಹಿಡಿಯುತ್ತದೆ, ದೊಡ್ಡ ಕೊಡೆಯ ಸಾವಧಾನ ಪೂರ್ತಿ ಕೈಬಿಟ್ಟು ಹೋಗುವುದೂ ಇಲ್ಲ. ಅವಳದು ಅರವತ್ತಾರು, ನನ್ನದು ಪಟ್ಟಿ ಸೇರಿ ನಲವತ್ತು. ನೂರಾ ಆರಕ್ಕೆ ಇಪ್ಪತ್ತೆರಡು ಗಜ. ಗಜಕ್ಕೆ ಹತ್ತಿರ ಹತ್ತಿರ ಐದು ಕೆ.ಜಿ. ಗಾಳಿಯಿಲ್ಲದ ದಿನವಾದರೆ ಬೇಡವೇ ಬೇಡ ಎನ್ನುತ್ತಿದ್ದೆ. ಈ ಗಾಳಿಗೆ ಎದುರಾಗಿ ಇಳಿದರೆ ನೆಲ ಮುಟ್ಟುವಾಗ ನಡಿಗೆಯ ವೇಗವೂ ಉಳಿದಿರುವುದಿಲ್ಲ.

“ಉಸುಕಿನ ಚೀಲ ಕಟ್ಟೂಣಲ್ಲ,” ಎಂದ ಫಕೀರೇಶ, ಮೂಗು ಒರೆಸಿಕೊಂಡು. “ಆಯಿಗೆ ಎಪ್ಪತ್ನಾಕು ಆಗ್ಯಾವು.”

“ಉಸುಕು ಸರೀತೈತಿ,” ಎಂದಳು ಸಾವಂತ್ರಿ. “ಒಂದು ಕಡಿ ಜಾರಿದ್ರ ಕೊಡಿ ಆ ಕಡೀನ ತಿರುಗ್ತೈತಿ. ಜೋಡುಪಟ್ಟಿ ಹೊಲದದ್ದು ಮನಿಶಾರಿಗೆ.”

“ಹಂಗಾರ ನಾ ಬರ್ತೀನ್ರಿ.”

“ನೀ ಎಂಬತ್ನಾಕು ಕೆ.ಜಿ. ಅದಿ. ಹೋದ ಉಗಾದಿಗೆ ನಾನ ತೂಗೀನಿ,” ಎಂದೆ ನಾನು. “ಸುಮ್ನ ಕುಂದ್ರು.”

ಆಮೇಲೆ ಸಾವಂತ್ರಿಗೆ ಹೇಳಿದೆ, “ನಾ ಹಾರಿ ಆರು ವರ್ಷ ಆತವ್ವ. ಮೊಣಕಾಲು ಮಡಚಾಕ ಬರೂದಿಲ್ಲ.”

“ನನ್ನನ್ನ ಹದಿನೆಂಟರಾಗ ಕಳಸಾಕ ಬಂದಿತ್ತಿಲ್ಲ ಧೈರ್ಯ? ಅದನ್ನ ತುಗೊಂಡು ಬಾ.”

ಫಕೀರೇಶ ಓಡಿ ಹೋಗಿ ಕಪಾಟಿನಿಂದ ಇಪ್ಪತ್ತೆರಡನ್ನೂ ಸಾವಂತ್ರಿಯ ಮನೆಯಿಂದ ಜೋಡುಪಟ್ಟಿಯನ್ನೂ ತಂದ. ಕಟ್ಟೆಯ ಹಿಂದಿನ ಗೋಡೆಯ ಮರೆಯಲ್ಲಿ, ಚಾಪೆ ಹಾಸಿ, ನಾನೇ ಮಡಿಸಿದೆ. ಮತ್ತೆ ಯಾರು ಮಡಿಸಬೇಕು? ಸಾವಂತ್ರಿ ನನ್ನೆದುರು ಕುಳಿತು ಒಂದೊಂದು ಮಡಿಕೆಯನ್ನೂ ನೋಡಿದಳು. ಹತ್ತು ವರ್ಷದಿಂದ ನನ್ನ ಕೈಗೆ ಚೀಲ ಕೊಟ್ಟು ಬೆನ್ನು ತಿರುಗಿಸಿ ಹೋಗುತ್ತಿದ್ದವಳು. ಎರಡು ಸಲ “ಬಿಚ್ಚು, ಮತ್ತ ಮಾಡು” ಎಂದಳು. ಎರಡು ಸಲವೂ ಮಡಿಕೆ ಸರಿಯಾಗೇ ಇತ್ತು. ಬಿಚ್ಚಿದೆ, ಮತ್ತೆ ಮಾಡಿದೆ. ಗಾಳಿ ಗೋಡೆಯ ಮೇಲಿನಿಂದ ಹಾಯುತ್ತ ನಮ್ಮಿಬ್ಬರ ಕೂದಲನ್ನೂ ಕೆದರುತ್ತಿತ್ತು. ಫಕೀರೇಶ ಬಟ್ಟೆಯ ಅಂಚು ಹಾರದ ಹಾಗೆ ಅದರ ಮೇಲೆ ಮಂಡಿಯೂರಿ, ಬಾಯಲ್ಲಿ ಹೆಂಡತಿಯ ಹೆಸರು ಗುನುಗುತ್ತಿದ್ದ.

ಕಟ್ಟೆಯ ಮೇಲೆ ದ್ಯಾಮಣ್ಣ ಮತ್ತೆ ಕೇಳಿದ, ಮತ್ತೆ ಹೇಳಿದೆವು. ನನ್ನನ್ನು ಸಾವಂತ್ರಿಯ ಎದೆಗೆ ಕಟ್ಟಿದರು, ಬೆನ್ನು ಅವಳ ಎದೆಗೆ, ಮುಖ ಬಯಲಿಗೆ. ಏಳನೇತ್ತೆ ಹುಡುಗಿಗೆ ಸರಿಹೋದ ಪಟ್ಟಿ ನನಗೂ ಸರಿಹೋಯಿತು. ನಗಬೇಡಿ.

“ಕೈ ಎದಿ ಮ್ಯಾಲ ಇಟ್ಕೋ,” ಎಂದಳು ನನ್ನ ಕಿವಿಯಲ್ಲಿ. “ನೆಲ ಬಂದಾಗ ಕಾಲು ಮುಂದ ಚಾಚು, ಕುಂತಂಗ. ಓಡಾಕ ಹೋಗಬ್ಯಾಡ. ನನಗ ಬುದ್ಧಿ ಹೇಳಬ್ಯಾಡ. ಒಂದು ಮಾತೂ.”

“ಹೂಂ.”

“ಅದೂ ಬ್ಯಾಡ.”

ಹಾರಿದಳು. ಹೊಟ್ಟೆ ಕಟ್ಟೆಯ ಮೇಲೇ ಉಳಿಯಿತು. ಆಮೇಲೆ ಪಟ್ಟಿಗಳು ತೊಡೆಯಲ್ಲಿ ಹೂತುಕೊಂಡವು, ಮೇಲೆ ಕೊಡೆ ಬಡಿದು ತೆರೆದುಕೊಂಡಿತು. ಗಾಳಿ ಎದುರಿಗೆ ಬಂದು ನಿಂತಿತು, ಬಾಗಿಲು ತಡೆದು ನಿಂತವರ ಹಾಗೆ. ನಾವು ಮುಂದೆ ಹೋಗುತ್ತಿದ್ದೇವೋ ಇಲ್ಲವೋ ಗೊತ್ತಾಗಲಿಲ್ಲ. ಕೆಳಗೆ ಬಂಡೆಯ ಬುಡದ ಕತ್ತಾಳೆಯ ಸಾಲನ್ನು ನೋಡಿದೆ. ಅದು ಸರಿಯಲಿಲ್ಲ. ಎಣಿಸಿದೆ, ಐದು, ಆರು, ಏಳು. ಕೊಡೆ ಒಮ್ಮೆ ಎಡಕ್ಕೆ ಓಲಾಡಿತು. ಸಾವಂತ್ರಿಯ ಬಲಗೈ ಇಳಿದದ್ದು ನನ್ನ ಭುಜಕ್ಕೆ ತಾಗಿತು, ಮೊಳದಷ್ಟು. ಕೊಡೆ ಒಪ್ಪಿಕೊಂಡು ನೆಟ್ಟಗಾಯಿತು. ಹದಿನೆಂಟಾಗಿದ್ದರೆ ಆ ಮೊಳ ನಮ್ಮನ್ನು ಎತ್ತ ತಿರುಗಿಸುತ್ತಿತ್ತು ಎಂಬುದನ್ನು ನನ್ನ ಬೆನ್ನೇ ಲೆಕ್ಕ ಹಾಕಿತು. ಕತ್ತಾಳೆ ನಿಧಾನವಾಗಿ ಹಿಂದೆ ಸರಿಯತೊಡಗಿತು, ಆಮೇಲೆ ಬೇಲಿ, ಆಮೇಲೆ ಹಸಿರು. ನೆಲ ನಮ್ಮ ಕಡೆ ಓಡಿ ಬರಲಿಲ್ಲ, ಲಿಂಬೆಹಣ್ಣಿನ ಬುಟ್ಟಿ ಎತ್ತಿದ ಹಾಗೆ ಮೆಲ್ಲಗೆ ಏರಿ ಬಂತು. ಕಾಲು ಚಾಚಿದೆ. ಅವಳು ಎರಡೂ ಹಿಡಿ ಎಳೆದಳು. ಇಬ್ಬರೂ ಅಂಡೂರಿ ಕುಳಿತೆವು. ನನ್ನ ಬಾಲಮೂಳೆ ಇವತ್ತಿಗೂ ಚಳಿಗಾಲದಲ್ಲಿ ಅದನ್ನು ನೆನೆಸುತ್ತದೆ.

ಪಟ್ಟಿಯ ಕೊಂಡಿ ಕಳಚಿದ್ದೇ ತಡ, ಸಾವಂತ್ರಿ ಗಂಟು ಹಿಡಿದು ಓಡಿದಳು. ಗಾಳಿ ತುಂಬಿದ ಕೊಡೆ ಗದ್ದೆಯುದ್ದಕ್ಕೂ ಹೊರಳಾಡುತ್ತಿತ್ತು. ನಾನು ಅದರ ಮೇಲೆ ಬಿದ್ದುಕೊಂಡು, ತಬ್ಬಿ ಹಿಡಿದು, ಸುತ್ತಿ ಚೀಲಕ್ಕೆ ಹಾಕಿದೆ. ನಡೆದು ಹೊನ್ನಿಯ ಮನೆ ಮುಟ್ಟುವಷ್ಟರಲ್ಲಿ ಕದ ಹಾಕಿತ್ತು. ಪಡಸಾಲೆಯಲ್ಲಿ ಈ ಕಂಬದಿಂದ ಆ ಕಂಬಕ್ಕೆ ಓಡಾಡಿದೆ. ಬೀಗಿತ್ತಿ ಎರಡು ಸಲ ಚಹಾ ತಂದಿಟ್ಟಳು, ಎರಡೂ ಆರಿ ಕೆನೆಗಟ್ಟಿದವು. ಒಳಗಿನಿಂದ ಸಾವಂತ್ರಿಯ ಧ್ವನಿ ಮಾತ್ರ, “ತಡಿ, ಈಗ ಮುಕ್ಕರಿಬ್ಯಾಡ, ತಡಿ ನನ್ನವ್ವ, ಕೂಸು ತಿರುಗಾಕತ್ತೈತಿ.” ಹೊನ್ನಿಯ ಕೂಗು. ಮತ್ತೆ ತಡಿ. ಬಿಸಿಲು ಅಂಗಳದಿಂದ ಗೋಡೆಗೆ ಹತ್ತಿತು. ಗೋಡೆಯ ಅರ್ಧಕ್ಕೆ ಬಂದಾಗ ಬೇರೊಂದು ದನಿ ಕೇಳಿತು, ತೆಳ್ಳಗೆ, ಸಿಟ್ಟಿನದು.

ಹೆಣ್ಣು. ಹೊನ್ನಿ ಬಿಳಿಚಿದ್ದಳು, ನೀರು ಕೇಳಿದಳು, ಬದುಕಿದ್ದಳು.

ಬಚ್ಚಲಲ್ಲಿ ಕೈ ತೊಳೆಯುತ್ತಿದ್ದ ಸಾವಂತ್ರಿಗೆ ನಾನೇ ನೀರು ಹಾಕಿದೆ. “ತಪ್ಪಾತು,” ಎಂದೆ.

“ಹೌದು,” ಎಂದಳು. “ಇನ್ನೊಂದೀಟು ಹಾಕು.”

ಎರಡು ದಿನ ಬಾಣಂತಿಯ ಬಳಿ ಇದ್ದು, ಮೂರನೇ ದಿನ ಬೆಳಿಗ್ಗೆ ಇಬ್ಬರೂ ಮೆಟ್ಟಿಲು ಹತ್ತಲು ಹೊರಟೆವು. ನನ್ನ ಮೊಣಕಾಲಿಗೆ ಐವತ್ತು ಮೆಟ್ಟಿಲಿಗೊಂದು ನಿಲ್ದಾಣ. ಅವಳು ಮುಂದೆ ಹೋಗಿಬಿಡಬಹುದಿತ್ತು, ಹೋಗಲಿಲ್ಲ. ನಾನು ಕುಳಿತಲ್ಲೆಲ್ಲ ಒಂದು ಮೆಟ್ಟಿಲು ಮೇಲೆ ನಿಂತು ಕಾದಳು. ಮಗುವಿನ ಕಿವಿ, ಗಾಳಿಗೆ ಮೇಲೇ ಸಿಕ್ಕಿಬಿದ್ದ ಫಕೀರೇಶನ ಕಿವಿಯ ಹಾಗೇ ಇದೆ ಎಂದಳು. ನಕ್ಕೆವು ಕೂಡ. ಎಂಟುನೂರನೇ ಮೆಟ್ಟಿಲಿನ ಹತ್ತಿರ ಅವಳ ಹೆಗಲು ಬೆವರಿನಿಂದ ತೊಯ್ದಿರುವುದನ್ನು ಕಂಡೆ. ಕೊಡೆಯ ಚೀಲ, ಜೋಡುಪಟ್ಟಿ, ಔಷಧದ ಗಂಟು, ಮೂರನ್ನೂ ಹೊತ್ತಿದ್ದಳು. ನಾನು ಎದ್ದು ಕೊಡೆಯ ಚೀಲಕ್ಕೆ ಕೈ ಚಾಚಿದೆ.

“ಅದನ್ನಾರ ಇಲ್ಲಿ ಕೊಡು. ನನ್ನ ಬೆನ್ನು ಖಾಲಿ ಐತಿ. ಮ್ಯಾಲ ಹೋಗಿ ಗಾಳಿಗಿಟ್ಟು ಮಡಿಚಿಡ್ತೀನಿ.”

ಅವಳು ಚೀಲವಿದ್ದ ಹೆಗಲನ್ನು ಆ ಕಡೆ ತಿರುಗಿಸಿಕೊಂಡಳು. ಮೆಲ್ಲಗೇ ತಿರುಗಿಸಿಕೊಂಡಳು, ಮಲಗಿದ ಕೂಸನ್ನು ಹೆಗಲು ಬದಲಿಸಿದ ಹಾಗೆ. ಔಷಧದ ಗಂಟನ್ನು ಬಿಚ್ಚಿ ನನ್ನ ಕೈಗೆ ಕೊಟ್ಟಳು.

“ಇದನ್ನ ಹಿಡಿ,” ಎಂದಳು. “ಕೊಡಿ ಇರ್ಲಿ. ಭಾರ ಅಂತಲ್ಲ, ಯಕ್ಕಾ.”

ನಾನು ಗಂಟು ಹಿಡಿದು ಅವಳ ಹಿಂದೆ ಹತ್ತಿದೆ. ಇನ್ನೂ ಸಾವಿರದ ಮುನ್ನೂರು ಮೆಟ್ಟಿಲು ಇದ್ದವು.